ಕ್ಷ-ಕಿರಣದ ಚಿತ್ರವೂ ಅದರ ಹದವೂ

ಮಾನವಶರೀರದ ಒಳಭಾಗವನ್ನು ಶಸ್ತ್ರಪ್ರಯೋಗವಿಲ್ಲದೆ ಕಣ್ಣಿಗೆ ಕಾಣುವಂತೆ ಮಾಡಿದ ಸಾಧನಗಳಲ್ಲಿ ಕ್ಷ-ಕಿರಣವು ಪ್ರಮುಖವಾದದ್ದು. ಅನಂತರ ಬೇರೆ ಸಾಧನಗಳು ಎಷ್ಟೋ ಬಂದಿದ್ದರೂ ಇದರ ಬಳಕೆಯು ಹಿಂದೆ ಬಿದ್ದಿಲ್ಲ. ಆಟದ ಬಯಲಿನಲ್ಲಿ ಬಿದ್ದು ಮುಂಗೈ ಮುರಿದುಕೊಂಡ ಮಗುವಿಗೂ, ತಿಂಗಳಿನಿಂದ ಕೆಮ್ಮುತ್ತಿರುವ ಅಜ್ಜಿಗೂ ವೈದ್ಯರು ಬರೆದುಕೊಡುವ ಚೀಟಿಯಲ್ಲಿ ಬಹುಮಟ್ಟಿಗೆ ಎಕ್ಸ್-ರೇ ಎಂಬ ಮಾತು ಇದ್ದೇ ಇರುವುದು.

ಹೀಗಿದ್ದರೂ ಈ ಚಿತ್ರವನ್ನು ಕುರಿತು ನಮ್ಮ ಮನೆಗಳಲ್ಲಿ ಎರಡು ವಿರುದ್ಧ ಭಾವನೆಗಳು ಬೇರೂರಿವೆ. ಮೊದಲನೆಯದು ಭಯ. “ಹೆಣ್ಣುಮಗು, ಮುಂದೆ ಮದುವೆಯಾಗಿ ಮಕ್ಕಳನ್ನು ಹೆರಬೇಕಾದವಳು, ಆ ಕಿರಣ ಅವಳ ಮೈಗೆ ಸೋಕುವುದು ಬೇಡ” ಎಂದು ಹೇಳಿ, ಅವಶ್ಯವಾದ ಚಿತ್ರವನ್ನು ಕೂಡ ತೆಗೆಸದೆ ಮಗಳನ್ನು ಹಿಂದಕ್ಕೆ ಕರೆದುಕೊಂಡು ಹೋಗುವ ತಾಯಂದಿರುಂಟು. ಎರಡನೆಯದು ಅತಿವಿಶ್ವಾಸ. ನೆಗಡಿ ಬಂದ ಎರಡನೆಯ ದಿನವೇ “ಒಂದು ಫೋಟೋ ತೆಗೆದುಬಿಡಿ” ಎಂದು ವೈದ್ಯರನ್ನು ಪೀಡಿಸುವವರೂ, ಚಿತ್ರ ತೆಗೆಸಿದ ಮಾತ್ರಕ್ಕೆ ರೋಗವು ಅರ್ಧ ವಾಸಿಯಾಯಿತೆಂದು ಸಮಾಧಾನಪಡುವವರೂ ಉಂಟು. ಈ ಎರಡು ಭಾವನೆಗಳೂ ಒಂದೇ ಅಜ್ಞಾನದಿಂದ ಹುಟ್ಟಿದುವು. ಕ್ಷ-ಕಿರಣವನ್ನು ಅಳೆದು ಪ್ರಯೋಗಿಸುವರೆಂಬುದನ್ನೂ, ಆ ಅಳತೆಗೂ ಚಿತ್ರದ ಗುಣಕ್ಕೂ ರೋಗಿಯ ಕ್ಷೇಮಕ್ಕೂ ಇರುವ ಸಂಬಂಧವನ್ನೂ ತಿಳಿದವರು ಸುಮ್ಮನೆ ಹೆದರುವುದೂ ಇಲ್ಲ, ಸುಮ್ಮನೆ ಬೇಡುವುದೂ ಇಲ್ಲ. ಆದುದರಿಂದ ಈ ಸಂಚಿಕೆಯ ಕೆಲವು ಪುಟಗಳನ್ನು ಆ ಸಂಬಂಧದ ವಿವರಣೆಗಾಗಿ ವಿನಿಯೋಗಿಸಬೇಕೆಂದು ಎಣಿಸಿದ್ದೇವೆ. ಪಾಠಶಾಲೆಯಲ್ಲಿ ಬೆಳಕು ನೆರಳುಗಳ ಪಾಠವನ್ನು ಕಲಿತ ಯಾವ ಸೋದರಿಗೂ ಇದು ಕಠಿನವಾಗಲಾರದು.

ಕಿರಣವು ಹುಟ್ಟುವ ಬಗೆ

ಜರ್ಮನಿ ದೇಶದ ವ್ಯೂರ್ಟ್ಸ್‌ಬರ್ಗ್ ನಗರದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ವಿಲ್‌ಹೆಲ್ಮ್ ರಾಂಟ್‌ಗನ್ ಎಂಬ ಪಂಡಿತನು ೧೮೯೫ನೆಯ ಇಸವಿ ನವೆಂಬರ್ ೮ನೆಯ ತಾರೀಖಿನಲ್ಲಿ ಈ ಕಿರಣವನ್ನು ಕಂಡುಹಿಡಿದನು. ಅದರ ಸ್ವರೂಪವು ತಿಳಿಯದಿದ್ದುದರಿಂದ, ಗಣಿತದಲ್ಲಿ ಅಜ್ಞಾತ ಸಂಖ್ಯೆಗೆ ಇಡುವ ಅಕ್ಷರವನ್ನೇ ಅದಕ್ಕೆ ಹೆಸರಾಗಿ ಕೊಟ್ಟನು. ನಮ್ಮವರು ಅದನ್ನು ಕ್ಷ-ಕಿರಣವೆಂದು ಕರೆದರು. ಅದೇ ವರ್ಷದ ಡಿಸೆಂಬರ್ ೨೨ರಂದು ಅವನು ತನ್ನ ಪತ್ನಿಯಾದ ಆನ್ನಾ ಬೆರ್ತಾಳ ಕೈಯ ಚಿತ್ರವನ್ನು ತೆಗೆದನು. ಬೆರಳುಗಳ ಎಲುಬುಗಳೂ ಒಂದು ಬೆರಳಿನಲ್ಲಿದ್ದ ಉಂಗುರವೂ ಅದರಲ್ಲಿ ಕಾಣಿಸಿದುವು. ಆ ಒಂದು ಚಿತ್ರಕ್ಕಾಗಿ ಆಕೆಯು ಸುಮಾರು ಕಾಲು ಗಂಟೆಯ ಹೊತ್ತು ಕೈಯನ್ನು ಅಲುಗಿಸದೆ ಇಡಬೇಕಾಯಿತು. ಇಂದು ಅಂಥ ಚಿತ್ರಕ್ಕೆ ಒಂದು ಸೆಕೆಂಡಿನ ಅಲ್ಪಾಂಶವು ಸಾಕು. ೧೯೦೧ರಲ್ಲಿ ಭೌತಶಾಸ್ತ್ರದ ಮೊತ್ತಮೊದಲಿನ ನೊಬೆಲ್ ಬಹುಮಾನವು ರಾಂಟ್‌ಗನ್ನನಿಗೆ ದೊರೆಯಿತು. ತನ್ನ ಶೋಧನೆಯು ಸರ್ವರಿಗೂ ಸೇರಿದ್ದೆಂದು ಭಾವಿಸಿ ಅವನು ಅದರ ಮೇಲೆ ಪೇಟೆಂಟನ್ನು ಪಡೆಯಲಿಲ್ಲ.

ಇಂದಿನ ಯಂತ್ರದ ಹೃದಯವು ಗಾಳಿಯನ್ನೆಲ್ಲ ಹೊರತೆಗೆದ ಒಂದು ಕೊಳವೆ. ಅದರ ಒಂದು ಕಡೆಯಲ್ಲಿ ವಿದ್ಯುದ್ದೀಪದೊಳಗಿನ ತಂತಿಯಂಥ ಒಂದು ಸಣ್ಣ ತಂತಿಯೂ, ಎದುರಿಗೆ ಟಂಗ್‌ಸ್ಟನ್ ಎಂಬ ಗಟ್ಟಿಲೋಹದ ಬಿಲ್ಲೆಯೂ ಇರುವುವು. ತಂತಿಯನ್ನು ಕೆಂಪಗೆ ಕಾಯಿಸಿದಾಗ ಅದರಿಂದ ಎಲೆಕ್ಟ್ರಾನುಗಳೆಂಬ ಅತಿಸೂಕ್ಷ್ಮ ಕಣಗಳು ಹೊರಬೀಳುವುವು. ಬಹಳ ಹೆಚ್ಚಿನ ವಿದ್ಯುದೊತ್ತಡವನ್ನು ಪ್ರಯೋಗಿಸಿದರೆ ಆ ಕಣಗಳು ಮಹಾವೇಗದಿಂದ ಹಾರಿಹೋಗಿ ಬಿಲ್ಲೆಗೆ ಬಡಿಯುವುವು. ಆ ಬಡಿತದ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಬರಿಯ ಶಾಖವಾಗಿ ಹೋಗುವುದು; ಉಳಿದ ಸುಮಾರು ಒಂದು ಪಾಲು ಮಾತ್ರ ಕ್ಷ-ಕಿರಣವಾಗುವುದು. ಕಾಯಿಸಿದ ತಂತಿಯುಳ್ಳ ಈ ಕೊಳವೆಯನ್ನು ಅಮೆರಿಕದ ವಿಲಿಯಂ ಕೂಲಿಡ್ಜ್ ಎಂಬವನು ೧೯೧೩ರಲ್ಲಿ ನಿರ್ಮಿಸಿದನು. ಅದಕ್ಕೆ ಮುಂಚೆ ಕಿರಣವು ಎಷ್ಟು ಬರುವುದೆಂಬುದು ಯಂತ್ರದ ಮನಸ್ಸಿನಂತೆ ಇತ್ತು. ಅನಂತರ ಅದು ಮನುಷ್ಯನ ಅಂಕೆಗೆ ಬಂದಿತು. ಕಿರಣವನ್ನು ಅಳೆದು ಪ್ರಯೋಗಿಸುವ ವಿದ್ಯೆಯು ನಿಜವಾಗಿ ಅಲ್ಲಿಂದ ಆರಂಭವಾಯಿತೆನ್ನಬಹುದು.

ಇದು ನೆರಳಿನ ಚಿತ್ರ

ಕೊಳವೆಯಿಂದ ಹೊರಟ ಕಿರಣಗಳು ಶರೀರವನ್ನು ಹೊಕ್ಕು, ಕೆಲವು ಒಳಗೇ ಅಡಗಿ, ಕೆಲವು ದಾರಿತಪ್ಪಿ ಚದರಿ, ಉಳಿದುವು ಹಿಂದುಗಡೆಯ ಫಲಕವನ್ನು ಮುಟ್ಟುವುವು. ಹೆಚ್ಚು ಕಿರಣ ಬಿದ್ದ ಸ್ಥಳವು ಕಪ್ಪಾಗಿಯೂ, ಕಡಮೆ ಬಿದ್ದ ಸ್ಥಳವು ಬಿಳುಪಾಗಿಯೂ ತೋರುವುದು. ಆದುದರಿಂದ ನಾವು ನೋಡುವ ಚಿತ್ರವು ದೀಪದ ಮುಂದೆ ಕೈಹಿಡಿದಾಗ ಗೋಡೆಯ ಮೇಲೆ ಬೀಳುವ ನೆರಳಿನ ಜಾತಿಗೇ ಸೇರಿದ್ದು. ಭೇದವೇನೆಂದರೆ, ದೀಪದ ನೆರಳಿನಲ್ಲಿ ಅಂಚು ಮಾತ್ರ ಕಾಣುವುದು. ಇಲ್ಲಿ ಒಳಗಿನ ಒಂದೊಂದು ಪದಾರ್ಥವೂ ತನ್ನ ತನ್ನ ಗಾಢತೆಗೆ ತಕ್ಕ ನೆರಳನ್ನು ಬೀಳಿಸುವುದು.

ಸಾಮಾನ್ಯ ಚಿತ್ರದಲ್ಲಿ ಶರೀರದ ಪದಾರ್ಥಗಳು ನಾಲ್ಕು ಬಣ್ಣಗಳಾಗಿ ವಿಭಾಗವಾಗುವುವು. ಶ್ವಾಸಕೋಶದಲ್ಲಿರುವ ಗಾಳಿಯು ಕಪ್ಪು. ಕೊಬ್ಬು ಕಡುಬೂದಿ. ಮಾಂಸ, ರಕ್ತ, ನೀರು ಇವು ತಿಳಿಬೂದಿ. ಸುಣ್ಣದ ಅಂಶವುಳ್ಳ ಎಲುಬು ಬಿಳುಪು. ಮಾಂಸದಲ್ಲಿ ಹೇರಳವಾಗಿರುವ ಆಮ್ಲಜನಕದ ಪರಮಾಣುಸಂಖ್ಯೆಯು ೮. ಎಲುಬಿನ ಕ್ಯಾಲ್ಸಿಯಮ್ಮಿನದು ೨೦. ಸಂಖ್ಯೆ ಹೆಚ್ಚಿದಂತೆ ಕಿರಣವನ್ನು ನುಂಗುವ ಶಕ್ತಿಯು ಅದಕ್ಕಿಂತ ಎಷ್ಟೋ ವೇಗವಾಗಿ ಹೆಚ್ಚುವುದು. ಎಲುಬು ಎದ್ದುಕಾಣುವುದಕ್ಕೆ ಇದೇ ಮುಖ್ಯ ಕಾರಣ. ರೋಗವನ್ನು ಗುರುತಿಸುವುದೆಂದರೆ ಬಹುಮಟ್ಟಿಗೆ, ಕಪ್ಪಿರಬೇಕಾದ ಸ್ಥಳದಲ್ಲಿ ಬಿಳುಪನ್ನೋ ಬಿಳುಪಿರಬೇಕಾದ ಸ್ಥಳದಲ್ಲಿ ಕಪ್ಪನ್ನೋ ಕಂಡುಹಿಡಿಯುವುದೇ ಆಗಿದೆ. ಕ್ಷಯ ತಗಲಿದ ಶ್ವಾಸಕೋಶದ ಮೇಲ್ಭಾಗದಲ್ಲಿ ಮೋಡದಂಥ ಬಿಳುಪು ತೋರುವುದು. ಮುರಿದ ಎಲುಬಿನಲ್ಲಿ ಕೂದಲೆಳೆಯಂಥ ಕಪ್ಪು ಗೆರೆಯು ತೋರುವುದು. ಇಂಥ ಸೂಕ್ಷ್ಮ ಭೇದಗಳು ಕಾಣುವುದೂ ಕಾಣದಿರುವುದೂ ಚಿತ್ರದ ಹದದ ಮೇಲೆ ನಿಂತಿವೆ.

ನಾಲ್ಕು ಅಳತೆಗಳು

ಚಿತ್ರವನ್ನು ತೆಗೆಯುವವರು ಗುಂಡಿಯನ್ನು ಒತ್ತುವುದಕ್ಕೆ ಮುಂಚೆ ನಾಲ್ಕು ಸಂಗತಿಗಳನ್ನು ನಿಶ್ಚಯಿಸಿಕೊಳ್ಳಬೇಕು.

ಮೊದಲನೆಯದು ವಿದ್ಯುದೊತ್ತಡ. ಇದನ್ನು ಕಿಲೊವೋಲ್ಟಿನಲ್ಲಿ, ಅಂದರೆ ಸಾವಿರ ವೋಲ್ಟಿನ ಲೆಕ್ಕದಲ್ಲಿ ಹೇಳುವರು. ಕಿರಣವು ಎಷ್ಟು ಆಳಕ್ಕೆ ತೂರಿಹೋಗಬಲ್ಲುದೆಂಬುದು ಇದರಿಂದ ತೀರ್ಮಾನವಾಗುವುದು. ಅಂಗೈಯ ಚಿತ್ರಕ್ಕೆ ಐವತ್ತು ಐವತ್ತೈದು ಕಿಲೊವೋಲ್ಟು ಸಾಕು; ಹೊಟ್ಟೆಗೆ ಎಪ್ಪತ್ತು ಎಂಬತ್ತು ಬೇಕಾಗುವುದು. ಒತ್ತಡವು ಕಡಮೆಯಾದರೆ ಎಲುಬಿಗೂ ಮಾಂಸಕ್ಕೂ ಇರುವ ಭೇದವು ಢಾಳಾಗಿ ಕಾಣುವುದು. ಆದರೆ ಬಹುಪಾಲು ಕಿರಣವು ಶರೀರದಲ್ಲಿಯೇ ಅಡಗಿಹೋಗುವುದು. ಒತ್ತಡವು ಹೆಚ್ಚಾದರೆ ಕಿರಣವು ಸುಲಭವಾಗಿ ಹಾಯ್ದುಹೋಗುವುದು. ಆದರೆ ಭೇದವು ಮಸುಕಾಗುವುದು. ಎದೆಯ ಚಿತ್ರಕ್ಕೆ ನೂರಹತ್ತರಿಂದ ನೂರಿಪ್ಪತ್ತೈದು ಕಿಲೊವೋಲ್ಟಿನವರೆಗೆ ಏರಿಸುವ ಪದ್ಧತಿಯುಂಟು. ಅಲ್ಲಿ ಪಕ್ಕೆಲುಬುಗಳು ಮಸುಕಾಗುವುದೇ ಇಷ್ಟ. ಹಾಗಾದರೆ ಅವುಗಳ ಹಿಂದೆಯೂ ಹೃದಯದ ಹಿಂದೆಯೂ ಇರುವ ಶ್ವಾಸಕೋಶವು ಕಾಣಬರುವುದು. ಒಂದು ಚಿತ್ರಕ್ಕೆ ದೋಷವಾದದ್ದು ಮತ್ತೊಂದಕ್ಕೆ ಗುಣವಾಗುವುದೆಂಬುದಕ್ಕೆ ಇದು ನಿದರ್ಶನ.

ಎರಡನೆಯದು ತಂತಿಯಿಂದ ಬಿಲ್ಲೆಗೆ ಹರಿಯುವ ವಿದ್ಯುತ್ ಪ್ರವಾಹ. ಇದರ ಅಳತೆ ಮಿಲಿಆಂಪಿಯರ್. ಮೂರನೆಯದು ಕಾಲ, ಇದರ ಅಳತೆ ಸೆಕೆಂಡು. ಇವೆರಡನ್ನೂ ಗುಣಿಸಿದರೆ ಬರುವ ಸಂಖ್ಯೆಯು ಎಷ್ಟು ಕಿರಣ ಹೊರಟಿತೆಂಬುದನ್ನು ಸೂಚಿಸುವುದು. ನೂರು ಮಿಲಿಆಂಪಿಯರಿನ ಪ್ರವಾಹವನ್ನು ಸೆಕೆಂಡಿನ ಹತ್ತನೆಯ ಒಂದು ಪಾಲು ಹರಿಸಿದರೂ, ಇನ್ನೂರು ಮಿಲಿಆಂಪಿಯರನ್ನು ಇಪ್ಪತ್ತನೆಯ ಒಂದು ಪಾಲು ಹರಿಸಿದರೂ ಗುಣಲಬ್ಧವು ಹತ್ತೇ. ಕಿರಣದ ಮೊತ್ತವು ಸಮ. ಆದರೆ ಎರಡನೆಯ ರೀತಿಯಲ್ಲಿ ಕಾಲವು ಅರ್ಧ. ಅಳುವ ಮಗುವಿಗೂ ನಡುಗುವ ವೃದ್ಧರಿಗೂ ಎರಡನೆಯ ರೀತಿಯೇ ಹಿತ. ಈ ಗುಣಲಬ್ಧವನ್ನು ಇಮ್ಮಡಿಸಿದರೆ ರೋಗಿಯ ಶರೀರಕ್ಕೆ ಬೀಳುವ ಕಿರಣವೂ ಇಮ್ಮಡಿಸುವುದು. ಕಿಲೊವೋಲ್ಟನ್ನು ಶೇಕಡಾ ಹದಿನೈದರಷ್ಟು, ಎಂದರೆ ಎಪ್ಪತ್ತರಿಂದ ಸುಮಾರು ಎಂಬತ್ತಕ್ಕೆ ಏರಿಸಿದರೂ ಫಲಕದ ಮೇಲೆ ಬೀಳುವ ಕಿರಣವು ಹೆಚ್ಚುಕಡಮೆ ಇಮ್ಮಡಿಯಾಗುವುದು. ಆದಕಾರಣ ಒತ್ತಡವನ್ನು ಅಷ್ಟು ಏರಿಸಿ, ಗುಣಲಬ್ಧವನ್ನು ಅರ್ಧಕ್ಕೆ ಇಳಿಸಿ, ರೋಗಿಯ ಮೇಲಣ ಭಾರವನ್ನು ಹಗುರಮಾಡುವುದು ತಿಳಿದವರ ಕ್ರಮ.

ನಾಲ್ಕನೆಯದು ದೂರ. ಕಿರಣವು ಕೊಳವೆಯಿಂದ ದೂರ ಹೋದಂತೆ ಹರಡಿಕೊಂಡು ತೆಳುವಾಗುವುದು. ನೂರು ಸೆಂಟಿಮೀಟರಿನಲ್ಲಿ ನಿಂತವರು ಇನ್ನೂರು ಸೆಂಟಿಮೀಟರಿಗೆ ಸರಿದರೆ ಅವರ ಮೇಲೆ ಬೀಳುವುದು ಅರ್ಧವಲ್ಲ, ಕಾಲುಪಾಲು ಮಾತ್ರ. ಕೆಲಸವಿಲ್ಲದವರನ್ನು ಕೋಣೆಯಿಂದ ಹೊರಗೆ ಹೋಗಿರೆನ್ನುವುದರ ಅರ್ಥವು ಇದರಿಂದ ತಿಳಿಯುವುದು. ಎದೆಯ ಚಿತ್ರವನ್ನು ಸಾಮಾನ್ಯವಾಗಿ ನೂರೆಂಬತ್ತು ಸೆಂಟಿಮೀಟರು ದೂರದಿಂದ, ರೋಗಿಯ ಎದೆಯನ್ನು ಫಲಕಕ್ಕೆ ತಾಗಿಸಿ, ಬೆನ್ನಿನ ಕಡೆಯಿಂದ ತೆಗೆಯುವರು. ದೀಪಕ್ಕೆ ಸಮೀಪವಾಗಿ ಹಿಡಿದ ಕೈಯ ನೆರಳು ಉಬ್ಬುವಂತೆ, ಕೊಳವೆಗೆ ಸಮೀಪವಾಗಿರುವ ಹೃದಯವು ದೊಡ್ಡದಾಗಿ ತೋರುವುದು. ಹಾಸಿಗೆಯಲ್ಲಿ ಮಲಗಿದ ರೋಗಿಯ ಚಿತ್ರವನ್ನು ಎದುರಿನಿಂದ ತೆಗೆದಾಗ ಹೃದಯವು ಬೆಳೆದಂತೆ ಕಾಣುವುದು ಎಷ್ಟೋ ಸಲ ಈ ಕಾರಣದಿಂದಲೇ ಹೊರತು ರೋಗದಿಂದಲ್ಲ.

ಒಳ್ಳೆಯ ಚಿತ್ರದ ಲಕ್ಷಣಗಳು

ಚಿತ್ರದ ಗುಣವನ್ನು ಮೂರು ಲಕ್ಷಣಗಳಿಂದ ಪರೀಕ್ಷಿಸಬಹುದು: ಭೇದ, ನುಣುಪು, ಅಂಚು.

ಭೇದವೆಂದರೆ ಒಂದು ಪದಾರ್ಥದ ಬಣ್ಣಕ್ಕೂ ನೆರೆಯ ಪದಾರ್ಥದ ಬಣ್ಣಕ್ಕೂ ಇರುವ ಅಂತರ. ಇದು ಕಿಲೊವೋಲ್ಟಿಗೆ ಅಧೀನವೆಂದು ಹೇಳಿದೆವು. ಇದರ ಮುಖ್ಯ ಶತ್ರುವು ಶರೀರದೊಳಗೆ ಚದರಿದ ಕಿರಣ. ನೆಟ್ಟಗೆ ಬಂದ ಕಿರಣವು ಚಿತ್ರವನ್ನು ಬರೆಯುವುದು. ಅಡ್ಡಾದಿಡ್ಡಿಯಾಗಿ ಬಂದದ್ದು ಬೆಳಗಿನ ಮಂಜಿನಂತೆ ಅದರ ಮೇಲೆಲ್ಲ ಮುಸುಕುವುದು. ಶರೀರವು ದಪ್ಪವಾದಷ್ಟೂ, ಕಿರಣ ಬೀಳುವ ಕ್ಷೇತ್ರವು ಅಗಲವಾದಷ್ಟೂ ಈ ಮಂಜು ದಟ್ಟವಾಗುವುದು. ಇದನ್ನು ತಡೆಯುವ ಮೊದಲನೆಯ ಉಪಾಯವು ಕೊಳವೆಯ ಬಾಯಲ್ಲಿರುವ ಸೀಸದ ಕದಗಳನ್ನು ಕಿರಿದುಮಾಡಿ, ಬೇಕಾದ ಭಾಗದ ಮೇಲೆ ಮಾತ್ರ ಕಿರಣವನ್ನು ಬಿಡುವುದು. ಇದರಿಂದ ಚಿತ್ರವೂ ತಿಳಿಯಾಗುವುದು, ಉಳಿದ ಅವಯವಗಳೂ ಉಳಿದುಕೊಳ್ಳುವುವು. ಖರ್ಚಿಲ್ಲದೆ ಎರಡು ಲಾಭ. ಎರಡನೆಯ ಉಪಾಯವು ೧೯೧೩ರಲ್ಲಿ ಗುಸ್ಟಾವ್ ಬುಕಿ ಎಂಬ ವೈದ್ಯನು ಕಲ್ಪಿಸಿದ ಗ್ರಿಡ್. ಇದು ಸೀಸದ ತೆಳುವಾದ ಪಟ್ಟಿಗಳ ಸಾಲು. ನೆಟ್ಟಗೆ ಬಂದ ಕಿರಣಕ್ಕೆ ದಾರಿಕೊಟ್ಟು ಓರೆಯಾಗಿ ಬಂದದ್ದನ್ನು ನುಂಗುವುದು. ಆದರೆ ಇದನ್ನು ಇಟ್ಟಾಗ ಕಿರಣದ ಮೊತ್ತವನ್ನು ಕೆಲವು ಮಡಿ ಹೆಚ್ಚಿಸಬೇಕಾಗುವುದು. ಆದಕಾರಣ ತೆಳುವಾದ ಕೈಕಾಲುಗಳಿಗೂ ಚಿಕ್ಕ ಮಕ್ಕಳಿಗೂ ಗ್ರಿಡ್ಡನ್ನು ಸಾಧಾರಣವಾಗಿ ಬಳಸುವುದಿಲ್ಲ.

ನುಣುಪು ಕಿರಣಗಳ ಸಂಖ್ಯೆಗೆ ಅಧೀನವಾದದ್ದು. ಮುಂಗಾರಿನ ಮೊದಲ ಹನಿಗಳು ಅಂಗಳದ ಧೂಳಿನ ಮೇಲೆ ಬಿದ್ದಾಗ ನೆಲವು ಚುಕ್ಕಿಚುಕ್ಕಿಯಾಗಿ ತೋರುವುದನ್ನು ಎಲ್ಲರೂ ಬಲ್ಲರು. ಮಳೆಯು ಇನ್ನಷ್ಟು ಸುರಿದರೆ ಚುಕ್ಕಿಗಳು ಕೂಡಿ ನೆಲವೆಲ್ಲ ಒಂದೇ ಸಮನಾಗಿ ನೆನೆಯುವುದು. ಫಲಕದ ಮೇಲೆ ಬೀಳುವ ಕಿರಣಗಳೂ ಹಾಗೆಯೇ. ಅವು ಅತಿ ವಿರಳವಾದರೆ ಚಿತ್ರವು ರವೆ ಚೆಲ್ಲಿದಂತೆ ಒರಟಾಗಿ, ಸಣ್ಣ ಗಾತ್ರದ ರೋಗಚಿಹ್ನೆಯು ಆ ರವೆಯಲ್ಲಿ ಮರೆಯಾಗುವುದು. ಕಿರಣವನ್ನು ಹೆಚ್ಚಿಸಿದರೆ ನುಣುಪು ಬರುವುದು. ಆದರೆ ಒಂದು ಮಿತಿಯನ್ನು ದಾಟಿದಮೇಲೆ ಕಣ್ಣಿಗೆ ಅಂದ ಹೆಚ್ಚುವುದೇ ಹೊರತು ವೈದ್ಯರ ತಿಳಿವಳಿಕೆಯು ಹೆಚ್ಚುವುದಿಲ್ಲ.

ಅಂಚಿನ ಸ್ಪಷ್ಟತೆಯನ್ನು ಕೆಡಿಸುವ ಕಾರಣಗಳು ಎರಡು. ಒಂದು, ಬಿಲ್ಲೆಯ ಮೇಲೆ ಕಿರಣವು ಹುಟ್ಟುವ ಬಿಂದುವಿನ ಗಾತ್ರ. ಸಣ್ಣ ದೀಪದ ನೆರಳು ಗೆರೆ ಕೊರೆದಂತೆ ಬೀಳುವುದು. ಉದ್ದನೆಯ ಟ್ಯೂಬ್‌ಲೈಟಿನ ನೆರಳು ಅಂಚಿನಲ್ಲಿ ಹರಡುವುದು. ಇದಕ್ಕಾಗಿ ಅನೇಕ ಯಂತ್ರಗಳಲ್ಲಿ ಅರ್ಧ ಮಿಲಿಮೀಟರಿಗಿಂತ ತುಸು ದೊಡ್ಡದಾದ ಬಿಂದುವನ್ನೂ, ಒಂದು ಮಿಲಿಮೀಟರಿಗಿಂತ ತುಸು ದೊಡ್ಡದಾದ ಬಿಂದುವನ್ನೂ ಇಟ್ಟು, ಸೂಕ್ಷ್ಮವಾದ ಎಲುಬುಗಳಿಗೆ ಚಿಕ್ಕದನ್ನು ಉಪಯೋಗಿಸುವರು. ಎರಡನೆಯ ಕಾರಣವೂ ಹೆಚ್ಚಿನದೂ ಚಲನೆ. ಯಂತ್ರವು ಎಷ್ಟೇ ಬೆಲೆಯದಾಗಿರಲಿ, ರೋಗಿಯು ಅಲುಗಿದರೆ ಚಿತ್ರವು ಕೆಟ್ಟಿತು. “ಉಸಿರೆಳೆದುಕೊಳ್ಳಿ, ಹಿಡಿದುಕೊಳ್ಳಿ” ಎಂಬ ಆಜ್ಞೆಯು ಸುಮ್ಮನಿನ ಆಚಾರವಲ್ಲ. ಪೂರ್ತಿಯಾಗಿ ಉಸಿರೆಳೆದುಕೊಂಡಾಗ ವಪೆಯು ಕೆಳಗಿಳಿದು, ಅದರ ಮೇಲೆ ಹಿಂದುಗಡೆಯ ಒಂಬತ್ತು ಹತ್ತು ಪಕ್ಕೆಲುಬುಗಳನ್ನು ಎಣಿಸುವಷ್ಟು ಶ್ವಾಸಕೋಶವು ಬಿಚ್ಚಿಕೊಳ್ಳುವುದು. ಅರ್ಧ ಉಸಿರಿನಲ್ಲಿ ತೆಗೆದ ಚಿತ್ರದಲ್ಲಿ ಶ್ವಾಸಕೋಶದ ಬುಡವು ಮುದುಡಿಕೊಂಡು, ಇಲ್ಲದ ರೋಗವು ಇರುವಂತೆ ತೋರುವುದುಂಟು.

ಈಚಿನ ಯಂತ್ರಗಳ ಒಂದು ಗುಪ್ತದೋಷ

ಫಿಲ್ಮಿನ ಕಾಲದಲ್ಲಿ ಕಿರಣವು ಹೆಚ್ಚಾದರೆ ಚಿತ್ರವು ಕರ್ರಗಾಗುತ್ತಿತ್ತು, ಕಡಮೆಯಾದರೆ ಬೆಳ್ಳಗಾಗುತ್ತಿತ್ತು. ತಪ್ಪು ಯಾವ ಕಡೆಯದಾದರೂ ಆ ಫಿಲ್ಮೇ ಸಾಕ್ಷಿ ಹೇಳುತ್ತಿತ್ತು. ಈಗ ಬಹುತೇಕ ಎಲ್ಲೆಡೆಯೂ ಫಿಲ್ಮಿನ ಸ್ಥಾನಕ್ಕೆ ಡಿಜಿಟಲ್ ಫಲಕಗಳು ಬಂದಿವೆ. ಇವುಗಳಲ್ಲಿ ಗಣಕಯಂತ್ರವು ಹೊಳಪನ್ನು ತಾನಾಗಿಯೇ ತಿದ್ದಿಕೊಳ್ಳುವುದರಿಂದ ಕಿರಣವು ಬೇಕಾದುದಕ್ಕಿಂತ ಇಮ್ಮಡಿಯಾದರೂ ಚಿತ್ರವು ಸೊಗಸಾಗಿಯೇ ಬರುವುದು. ಎಷ್ಟೋ ಸಲ ಇನ್ನೂ ನುಣುಪಾಗಿ ಬರುವುದು. ಕಡಮೆಯಾದರೆ ಮಾತ್ರ ರವೆರವೆಯಾಗಿ ಕಂಡು ಆಕ್ಷೇಪಕ್ಕೆ ಗುರಿಯಾಗುವುದು. ಹೀಗಿರಲಾಗಿ ಆಕ್ಷೇಪಣೆಗೆ ಅಂಜುವ ಕೆಲಸಗಾರರ ಕೈ ಅವರಿಗೇ ಅರಿವಿಲ್ಲದೆ ದಿನೇ ದಿನೇ ಹೆಚ್ಚಿನ ಕಡೆಗೆ ವಾಲುವುದು. ಅಡುಗೆಯಲ್ಲಿ ಉಪ್ಪು ಹೆಚ್ಚಾದರೆ ನಾಲಗೆಯು ತಿಳಿಸುವುದು. ಇಲ್ಲಿ ತಿಳಿಸುವ ನಾಲಗೆಯೇ ಇಲ್ಲವಾಯಿತು.

ಈ ಕೊರತೆಯನ್ನು ತುಂಬುವುದಕ್ಕಾಗಿ ೨೦೦೮ರಲ್ಲಿ ಒಂದು ಅಂತರರಾಷ್ಟ್ರೀಯ ಮಾನವು ಏರ್ಪಟ್ಟಿತು. ಅದರಂತೆ ಚಿತ್ರದೊಡನೆ ಒಂದು ಸಂಖ್ಯೆಯೂ ಮೂಡುವುದು. ಸೊನ್ನೆಯಿದ್ದರೆ ಹದ ಸರಿ. ಸುಮಾರು ಮೂರು ಹೆಚ್ಚಿದ್ದರೆ ಫಲಕಕ್ಕೆ ಬಿದ್ದದ್ದು ಗುರಿಯ ಇಮ್ಮಡಿ. ಮೂರು ಕಡಮೆಯಿದ್ದರೆ ಅರ್ಧ. ಚಿತ್ರದ ಅಂದವನ್ನು ಮಾತ್ರ ನೋಡದೆ ಈ ಸಂಖ್ಯೆಯನ್ನೂ ನೋಡುವ ಸಂಸ್ಥೆಯೇ ಕರ್ತವ್ಯವನ್ನರಿತ ಸಂಸ್ಥೆ. ನಮ್ಮ ದೇಶದಲ್ಲಿ ೧೯೮೩ರಲ್ಲಿ ಸ್ಥಾಪಿತವಾದ ಅಣುಶಕ್ತಿ ನಿಯಂತ್ರಣ ಮಂಡಲಿಯು ಎಕ್ಸ್-ರೇ ಯಂತ್ರಗಳಿಗೆ ಪರವಾನಗಿ ಕೊಡುವುದೂ ಅವುಗಳ ಕ್ಷೇಮವನ್ನು ನೋಡಿಕೊಳ್ಳುವುದೂ ಆಗಿದೆ.

ಅತಿಯಾದರೆ ಬರುವ ಕೇಡು

ಕಿರಣವನ್ನು ಇಷ್ಟು ಲೆಕ್ಕಹಾಕಿ ಕೊಡಬೇಕಾದುದೇಕೆ ಎಂಬುದಕ್ಕೆ ಉತ್ತರವನ್ನು ಮೂವರು ವಿಧದ ಸ್ತ್ರೀಯರ ಚರಿತ್ರೆಯಿಂದ ತಿಳಿಯಬಹುದು.

ಅಮೆರಿಕದ ಸಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಎಲಿಜಬೆತ್ ಫ್ಲೈಶ್‌ಮನ್ ಎಂಬಾಕೆಯು ೧೮೯೬ರಲ್ಲಿಯೇ ಕ್ಷ-ಕಿರಣದ ಪ್ರಯೋಗಶಾಲೆಯನ್ನು ತೆರೆದಳು. ೧೮೯೮ರ ಯುದ್ಧದಲ್ಲಿ ಗಾಯಗೊಂಡ ಸೈನಿಕರ ಶರೀರದಲ್ಲಿ ಗುಂಡು ಎಲ್ಲಿದೆಯೆಂಬುದನ್ನು ಆಕೆಯ ಚಿತ್ರಗಳು ತೋರಿಸಿಕೊಟ್ಟುವು. ಆ ದಿನಗಳಲ್ಲಿ ಕಿರಣದ ಹಾನಿಯನ್ನು ಜನರು ಚೆನ್ನಾಗಿ ಅರಿತಿರಲಿಲ್ಲ. ಆಕೆಯ ಕೈ ಹುಣ್ಣಾಗಿ, ಹುಣ್ಣು ಕ್ಯಾನ್ಸರಾಗಿ, ತೋಳನ್ನೇ ಕತ್ತರಿಸಬೇಕಾಯಿತು. ೧೯೦೫ರಲ್ಲಿ ಆಕೆಯು ಅದೇ ವ್ಯಾಧಿಯಿಂದ ತೀರಿಹೋದಳು.

ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಆಲಿಸ್ ಸ್ಟುವರ್ಟ್ ಎಂಬ ವೈದ್ಯೆಯು ಕ್ಯಾನ್ಸರಿನಿಂದ ಮೃತರಾದ ಮಕ್ಕಳ ತಾಯಂದಿರನ್ನೂ ಆರೋಗ್ಯವಂತ ಮಕ್ಕಳ ತಾಯಂದಿರನ್ನೂ ವಿಚಾರಿಸುವ ಏರ್ಪಾಡು ಮಾಡಿದಳು. ಗರ್ಭಿಣಿಯಾಗಿದ್ದಾಗ ಹೊಟ್ಟೆಯ ಕ್ಷ-ಕಿರಣಚಿತ್ರ ತೆಗೆಸಿಕೊಂಡಿದ್ದವರ ಪ್ರಮಾಣವು ಮೊದಲನೆಯ ಗುಂಪಿನಲ್ಲಿ ಸುಮಾರು ಎರಡರಷ್ಟು ಇದ್ದಿತು. ೧೯೫೬ರಲ್ಲಿಯೂ ೧೯೫೮ರಲ್ಲಿಯೂ ಆಕೆ ಇದನ್ನು ಪ್ರಕಟಿಸಿದಾಗ ಅನೇಕರು ಒಪ್ಪಲಿಲ್ಲ; ಮುಂದಿನ ಪರಿಶೋಧನೆಗಳು ಆಕೆಯ ಎಚ್ಚರಿಕೆಯನ್ನೇ ಸಮರ್ಥಿಸಿದುವು. ತಾಯಂದಿರ ನೆನಪನ್ನು ಸಾಕ್ಷ್ಯವೆಂದು ಗೌರವಿಸಿದ ಆ ವೈದ್ಯೆಗೆ ಮಾತೃಕುಲವು ಋಣಿಯಾಗಿದೆ.

ಮೂರನೆಯದು ನಮ್ಮ ಶಾಲೆಯ ಹುಡುಗಿಯರ ವಯಸ್ಸಿನವರ ಕಥೆ. ಬೆನ್ನೆಲುಬು ಪಕ್ಕಕ್ಕೆ ವಾಲುವ ವಕ್ರತೆಯು ಹದಿಹರೆಯದ ಹೆಣ್ಣುಮಕ್ಕಳಲ್ಲಿ ಹೆಚ್ಚು. ೧೯೧೨ರಿಂದ ೧೯೬೫ರವರೆಗಿನ ಅವಧಿಯಲ್ಲಿ ಅಮೆರಿಕದಲ್ಲಿ ಇದಕ್ಕಾಗಿ ಚಿಕಿತ್ಸೆ ಹೊಂದಿದ ಐದೂವರೆ ಸಾವಿರಕ್ಕೂ ಮೇಲ್ಪಟ್ಟ ಸ್ತ್ರೀಯರ ವೃತ್ತಾಂತವು ೨೦೦೦ದಲ್ಲಿ ಪ್ರಕಟವಾಯಿತು. ಅವರು ಬೆಳೆಯುವ ವಯಸ್ಸಿನಲ್ಲಿ ಸರಾಸರಿ ಇಪ್ಪತ್ತೈದು ಸಲ ಚಿತ್ರ ತೆಗೆಸಿಕೊಂಡಿದ್ದರು. ಅವರಲ್ಲಿ ಸ್ತನದ ಕ್ಯಾನ್ಸರಿನಿಂದ ಆದ ಮರಣಗಳು ನಿರೀಕ್ಷಿಸಿದುದಕ್ಕಿಂತ ಶೇಕಡಾ ಎಪ್ಪತ್ತರಷ್ಟು ಹೆಚ್ಚಾಗಿದ್ದುವು. ಇದರಿಂದ ಕಲಿತ ಪಾಠವು ಸ್ಪಷ್ಟ. ವಕ್ರತೆಯ ಕೋನವನ್ನು ಅಳೆಯುವುದಕ್ಕೆ ಚಿತ್ರವು ನುಣುಪಾಗಿರಬೇಕಾದ ಅಗತ್ಯವಿಲ್ಲ. ರವೆರವೆಯಾದ ಚಿತ್ರವೂ ಸಾಕು. ಹುಡುಗಿಯನ್ನು ಬೆನ್ನು ಕೊಳವೆಯ ಕಡೆಗೆ ಬರುವಂತೆ ನಿಲ್ಲಿಸಿದರೆ ಎದೆಗೆ ತಲಪುವ ಕಿರಣವು ಬಹಳ ಮಟ್ಟಿಗೆ ಇಳಿಯುವುದು. ಅದೇ ಪ್ರಶ್ನೆ, ಅದೇ ಉತ್ತರ. ಕಿರಣ ಮಾತ್ರ ಸ್ವಲ್ಪ. ವೈದ್ಯರ ಪ್ರಶ್ನೆಗೆ ಉತ್ತರವನ್ನು ಅತ್ಯಲ್ಪ ಕಿರಣದಿಂದ ಕೊಡುವ ಚಿತ್ರವೇ ಉತ್ತಮ ಚಿತ್ರವೆಂಬುದು ಈ ಲೇಖನದ ಸಾರ.

ಇಷ್ಟು ಹೇಳಿದಮೇಲೆ ಭಯಪಡುವವರಿಗೆ ಧೈರ್ಯ ಹೇಳುವುದೂ ನಮ್ಮ ಕರ್ತವ್ಯ. ಭೂಮಿಯಿಂದಲೂ ಆಕಾಶದಿಂದಲೂ ನಾವು ಉಣ್ಣುವ ಆಹಾರದಿಂದಲೂ ಸ್ವಾಭಾವಿಕವಾದ ವಿಕಿರಣವು ಪ್ರತಿಯೊಬ್ಬರಿಗೂ ಸದಾ ತಗಲುತ್ತಲೇ ಇದೆ. ಜಗತ್ತಿನ ಸರಾಸರಿಯಲ್ಲಿ ಅದು ವರ್ಷಕ್ಕೆ ೨.೪ ಮಿಲಿಸೀವರ್ಟ್. ಎದೆಯ ಒಂದು ಚಿತ್ರದಿಂದ ಬರುವುದು ಸುಮಾರು ೦.೦೨ ಮಿಲಿಸೀವರ್ಟ್, ಎಂದರೆ ಮೂರು ದಿನ ಈ ಭೂಮಿಯ ಮೇಲೆ ಬದುಕಿದ್ದರೆ ಬರುವಷ್ಟು. ಕೈಯ ಚಿತ್ರದಿಂದ ಬರುವುದು ಅದಕ್ಕಿಂತಲೂ ಅತ್ಯಲ್ಪ. ಇದಕ್ಕೆ ವಿರುದ್ಧವಾಗಿ ಸಿ.ಟಿ. ಸ್ಕ್ಯಾನ್ ಎಂಬ ಪರೀಕ್ಷೆಯಲ್ಲಿ ಹೊಟ್ಟೆಯೊಂದಕ್ಕೇ ಎಂಟು ಮಿಲಿಸೀವರ್ಟಿನಷ್ಟು ಬರಬಹುದು. ಅಲ್ಲಿ ಅವಶ್ಯಕತೆಯನ್ನು ಚೆನ್ನಾಗಿ ವಿಚಾರಿಸುವುದು ಯುಕ್ತ. ಹೆಣ್ಣುಮಗಳ ಮಾತೃತ್ವದ ಶಕ್ತಿಯನ್ನು ಕುಂದಿಸಬಲ್ಲ ಪ್ರಮಾಣವಾದರೋ, ಎದೆಯ ಚಿತ್ರವೊಂದರಿಂದ ಅಂಡಾಶಯಕ್ಕೆ ತಲಪುವುದರ ಲಕ್ಷಮಡಿಗೂ ಮೀರಿದ್ದು. ಆದುದರಿಂದ ಮುರಿದ ಕೈಗಾಗಿಯೂ ಸಂಶಯದ ಕೆಮ್ಮಿಗಾಗಿಯೂ ವೈದ್ಯರು ಕೇಳಿದ ಚಿತ್ರವನ್ನು ಈ ಭಯದಿಂದ ತಪ್ಪಿಸುವುದು ಮಗಳಿಗೆ ಮಾಡುವ ಉ‍ಪಕಾರವಲ್ಲ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ನಮ್ಮ ದೇಶದವರೇ. ಆ ರೋಗವನ್ನು ತಡಮಾಡಿ ಗುರುತಿಸುವುದರಿಂದ ಆಗುವ ಕೇಡಿನ ಮುಂದೆ ಒಂದು ಚಿತ್ರದ ಕಿರಣವು ಗಣನೆಗೆ ಬರತಕ್ಕುದಲ್ಲ. ಆದರೆ ಚಿತ್ರವೊಂದರಿಂದಲೇ ಕ್ಷಯವು ನಿಶ್ಚಯವಾಗದೆಂಬುದನ್ನೂ, ಕಫದ ಪರೀಕ್ಷೆಯೂ ಅವಶ್ಯವೆಂಬುದನ್ನೂ ಮರೆಯಬಾರದು.

ಮನೆಯವರು ಮಾಡತಕ್ಕುದು

ಕೆಟ್ಟ ಚಿತ್ರವನ್ನು ಮತ್ತೆ ತೆಗೆಯಬೇಕಾಗುವುದು. ಆಗ ಕಿರಣವೂ ಇಮ್ಮಡಿ, ತಡವೂ ಇಮ್ಮಡಿ. ಚಿತ್ರವು ಮೊದಲ ಸಲವೇ ಹದವಾಗಿ ಬರುವಂತೆ ಮಾಡುವುದರಲ್ಲಿ ರೋಗಿಯ ಪಾಲೂ ಬಹಳವಾಗಿದೆ.

ಎದೆಯ ಚಿತ್ರಕ್ಕೆ ಹೋಗುವ ಹುಡುಗಿಯು ಜಡೆಯನ್ನು ಮೇಲಕ್ಕೆ ಕಟ್ಟಿಕೊಂಡು ಹೋಗಲಿ. ಹೆಗಲಿನ ಮೇಲೆ ಇಳಿಬಿದ್ದ ದಪ್ಪ ಜಡೆಯ ನೆರಳು ಶ್ವಾಸಕೋಶದ ತುದಿಯ ಮೇಲೆ ಬಿದ್ದು, ಕ್ಷಯದ ಕಲೆಯೆಂಬ ಭ್ರಾಂತಿಗೆ ಎಡೆಗೊಡಬಹುದು. ಸರ, ಶಿಲುಬೆ, ಸೇಫ್ಟಿಪಿನ್ನು, ಲೋಹದ ಕೊಂಡಿಗಳನ್ನು ತೆಗೆದಿಡಲಿ. ತಾಳಿಯನ್ನು ತೆಗೆಯಲು ಮನಸ್ಸೊಪ್ಪದವರು ಅದನ್ನು ಮುಂಚಿತವಾಗಿ ತಿಳಿಸಿದರೆ, ಚಿತ್ರದ ಎಲ್ಲೆಯಿಂದ ಹೊರಕ್ಕೆ ಸರಿಸಿಕೊಳ್ಳುವ ಬಗೆಯನ್ನು ಅಲ್ಲಿಯವರು ಹೇಳಿಕೊಡುವರು. ಚಿಕ್ಕ ಮಕ್ಕಳಿಗೆ ಉಸಿರು ಹಿಡಿಯುವ ಆಟವನ್ನು ಮನೆಯಲ್ಲಿಯೇ ಎರಡು ಸಲ ಆಡಿಸಿ ಕರೆದುಕೊಂಡು ಹೋಗುವುದು ಒಳ್ಳೆಯದು.

ಗರ್ಭವು ನಿಂತಿರಬಹುದೆಂಬ ಸಂದೇಹ ಎಷ್ಟು ಸ್ವಲ್ಪವಿದ್ದರೂ ಸಂಕೋಚವಿಲ್ಲದೆ ಮೊದಲೇ ಹೇಳಬೇಕು. ಅತ್ತೆಯವರೋ ಮಾವನವರೋ ಜತೆಯಲ್ಲಿರುವರೆಂದು ಸೊಸೆಯು ಬಾಯಿಮುಚ್ಚಿಕೊಳ್ಳುವುದುಂಟು. ಅಂಥಲ್ಲಿ ದಾದಿಯರು ಆಕೆಯನ್ನು ಪ್ರತ್ಯೇಕವಾಗಿ ಕೇಳುವಂತೆ ಮನೆಯವರೇ ಅವಕಾಶ ಕೊಡಬೇಕು. ಮಗುವನ್ನು ಹಿಡಿದುಕೊಂಡು ನಿಲ್ಲುವ ಕೆಲಸಕ್ಕೆ ಗರ್ಭಿಣಿಯು ಹೋಗಬಾರದು. ಯಾರು ನಿಂತರೂ ಸೀಸದ ಅಂಗಿಯನ್ನು ತೊಟ್ಟೇ ನಿಲ್ಲಬೇಕು. ರೋಗಿಯ ಕಟಿಭಾಗಕ್ಕೆ ಸೀಸವನ್ನು ಹೊದಿಸುವ ಹಳೆಯ ಪದ್ಧತಿಯನ್ನಾದರೋ, ೨೦೧೯ರಿಂದೀಚೆಗೆ ಅಮೆರಿಕದ ವೈದ್ಯಕೀಯ ಭೌತಶಾಸ್ತ್ರಜ್ಞರ ಸಂಘವು ಬಿಡುವಂತೆ ಸಲಹೆ ಮಾಡಿದೆ. ಸೀಸವು ಬೇಕಾದ ಭಾಗವನ್ನೇ ಮರೆಮಾಡಬಹುದು. ಕಿರಣವನ್ನು ತಾನಾಗಿ ನಿಲ್ಲಿಸುವ ಯಂತ್ರವು ಅದರಿಂದ ಮೋಸಹೋಗಿ ಹೆಚ್ಚು ಕಿರಣವನ್ನು ಸುರಿಸಲೂಬಹುದು. ಆದುದರಿಂದ ಸೀಸವನ್ನು ಹೊದಿಸದಿದ್ದರೆ ಅದನ್ನು ಅಲಕ್ಷ್ಯವೆಂದು ತಿಳಿಯಬೇಡಿರಿ.

ಹಳೆಯ ಚಿತ್ರಗಳನ್ನೆಲ್ಲ ತಾರೀಖಿನೊಡನೆ ಜೋಪಾನವಾಗಿಟ್ಟು, ಹೊಸ ವೈದ್ಯರ ಬಳಿಗೆ ಹೋಗುವಾಗ ಜತೆಯಲ್ಲಿ ಒಯ್ಯಿರಿ. ಹಿಂದಿನ ಚಿತ್ರವು ಕೈಯಲ್ಲಿದ್ದರೆ ಹೊಸದರ ಅಗತ್ಯವೇ ಬೀಳದಿರಬಹುದು; ಬಿದ್ದರೂ ಎರಡನ್ನೂ ಹೋಲಿಸಿ ನೋಡಲು ಅನುಕೂಲವಾಗುವುದು. “ಈ ಚಿತ್ರದಿಂದ ಏನನ್ನು ತಿಳಿಯಬೇಕೆಂದಿದ್ದೀರಿ?” ಎಂದು ವೈದ್ಯರನ್ನು ವಿನಯದಿಂದ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಉತ್ತರವು ಸ್ಪಷ್ಟವಾಗಿದ್ದರೆ ಧೈರ್ಯವಾಗಿ ತೆಗೆಸಿರಿ.

ಕೊನೆಗೊಂದು ಮಾತು. ೧೯೧೪ರಲ್ಲಿ ಮಹಾಯುದ್ಧವು ಆರಂಭವಾದಾಗ ಮೇರಿ ಕ್ಯೂರಿಯವರು ಕ್ಷ-ಕಿರಣದ ಯಂತ್ರಗಳನ್ನು ಮೋಟಾರುಗಾಡಿಗಳಲ್ಲಿ ಅಳವಡಿಸಿ ರಣರಂಗದ ಆಸ್ಪತ್ರೆಗಳಿಗೆ ಕೊಂಡೊಯ್ದರು. ಆಗ ಹದಿನೇಳು ವರ್ಷದವಳಾಗಿದ್ದ ಮಗಳು ಐರೀನಳು ಮುಂದೆ ಆ ಕೆಲಸದಲ್ಲಿ ಅವರಿಗೆ ನೆರವಾದಳು. ತಾಯಿಮಗಳು ಸೇರಿ ಸುಮಾರು ನೂರೈವತ್ತು ಮಂದಿ ಸ್ತ್ರೀಯರಿಗೆ ಈ ವಿದ್ಯೆಯನ್ನು ಕಲಿಸಿದರು. ಇಂದು ನಮ್ಮ ನಾಡಿನಲ್ಲಿಯೂ ಇದಕ್ಕೆ ಕ್ರಮವಾದ ಶಿಕ್ಷಣವಿದೆ. ವಿಜ್ಞಾನವನ್ನು ಓದಿದ ಹುಡುಗಿಯರು ಅದಕ್ಕೆ ಸೇರಬಹುದು. ಪರೀಕ್ಷೆಗೆ ಬಂದ ಹೆಣ್ಣುಮಕ್ಕಳ ಸಂಕೋಚವನ್ನರಿತು, ಮಗುವಿನ ಅಳುವನ್ನು ನಿಲ್ಲಿಸಿ, ಬೇಕಾದಷ್ಟನ್ನೇ ಅಳೆದು ಕೊಡುವ ತಾಳ್ಮೆಯ ಕೈ ಈ ಕೆಲಸಕ್ಕೆ ಅತ್ಯಗತ್ಯ. ನಮ್ಮ ಶಾಲೆಯಿಂದ ಹೊರಟ ಸೋದರಿಯರಲ್ಲಿ ಕೆಲವರಾದರೂ ಈ ಸೇವೆಯನ್ನು ಕೈಕೊಳ್ಳಲೆಂದೂ, ಉಳಿದವರು ತಮ್ಮ ತಮ್ಮ ಮನೆಗಳಲ್ಲಿ ಭಯಕ್ಕೂ ಆತುರಕ್ಕೂ ಎಡೆಗೊಡದೆ ಹದವನ್ನರಿತು ನಡೆಯಲೆಂದೂ ದೇವರನ್ನು ಪ್ರಾರ್ಥಿಸುತ್ತೇವೆ.